ಓಟ ಮುಗಿಸಿದ ನಾಯಿಗೆ ಮನೆಯಲ್ಲಿ ಜಾಗವಿದೆ

ಓಡುವ ತಳಿಯ ನಾಯಿ ಮನೆಗೆ ಒಗ್ಗುವುದಿಲ್ಲ, ಅದರಲ್ಲೂ ದೊಡ್ಡದಾದ ಮೇಲೆ ತಂದರೆ ಹೊಸಬರ ಮಾತು ಕೇಳುವುದೇ ಇಲ್ಲ ಎಂಬ ನಂಬಿಕೆ ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಗಟ್ಟಿಯಾಗಿ ಬೇರೂರಿದೆ. ಇನ್ನೊಬ್ಬರು ಬೇಡವೆಂದು ಬಿಟ್ಟುಕೊಟ್ಟ ಮುಧೋಳ ನಾಯಿಯೊಂದನ್ನು ಮೂಡಿಗೆರೆ ಬಳಿಯ ನಮ್ಮ ತೋಟದ ಮನೆಯಲ್ಲಿ ಸಾಕುತ್ತಿರುವ ನಾನು ಈ ಮಾತನ್ನು ಖಂಡಿತ ಒಪ್ಪಲಾರೆ. ಚಿಗರಿ ಎಂಬ ಆ ನಾಯಿಯನ್ನು ಕರೆತಂದಾಗ ಪಕ್ಕದ ತೋಟದವರು, "ಇದ್ಯಾಕಕ್ಕಾ, ಇನ್ಮೇಲೆ ಇದು ಏನ್ ಕಾಯುತ್ತೆ?" ಎಂದು ಕೇಳಿದ್ದರು. ಕಾಯದಿದ್ದರೆ ನಾಯಿಗೆ ಅನ್ನವಿಲ್ಲ ಎನ್ನುವ ಈ ಲೆಕ್ಕಾಚಾರಕ್ಕೇ ನನ್ನ ತಕರಾರು.

ಮುಧೋಳದ ದೂರದ ಬಂಧುವಾದ ಗ್ರೇಹೌಂಡ್‌ನ ಕಥೆಯನ್ನೇ ನೋಡಿ. ಗಂಟೆಗೆ 65 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡಬಲ್ಲ ಈ ನಾಯಿಗಳನ್ನು ರೇಸಿನವರು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ನಿವೃತ್ತಿಗೊಳಿಸುತ್ತಾರೆ; ಆಯಸ್ಸಿನ ಅರ್ಧಕ್ಕಿಂತ ಹೆಚ್ಚು ಭಾಗ ಇನ್ನೂ ಮುಂದೆ ಇರುತ್ತದೆ. 2018ರಲ್ಲಿ ಚೀನಾದ ಮಕಾವ್‌ನ ಕ್ಯಾನಿಡ್ರೋಮ್ ಎಂಬ ನಾಯಿ ರೇಸಿನ ಮೈದಾನ ಮುಚ್ಚಿದಾಗ ಅಲ್ಲಿದ್ದ ಐನೂರಕ್ಕೂ ಹೆಚ್ಚು ನಾಯಿಗಳಿಗೆ ಬೇರೆ ಬೇರೆ ದೇಶಗಳಲ್ಲಿ ಮನೆ ಹುಡುಕಬೇಕಾಯಿತು. ಅದೇ ವರ್ಷ ಅಮೆರಿಕದ ಫ್ಲಾರಿಡಾದ ಮತದಾರರು ರೇಸನ್ನು 2020ರ ಕೊನೆಯೊಳಗೆ ನಿಲ್ಲಿಸಲು ತೀರ್ಮಾನಿಸಿದ ಮೇಲೆ ಅಲ್ಲಿಯೂ ಹೀಗೆಯೇ ಆಯಿತು. ಹುಟ್ಟಿದಾಗಿನಿಂದ ಗೂಡಿನಲ್ಲೇ ಬೆಳೆದು, ಮೆಟ್ಟಿಲನ್ನೂ ಗಾಜಿನ ಬಾಗಿಲನ್ನೂ ಕಂಡರಿಯದ ಆ ನಾಯಿಗಳು ಮನೆಗಳಿಗೆ ಹೊಂದಿಕೊಂಡಿವೆ. ದಿನದ ಬಹುಪಾಲು ನಿದ್ದೆಯಲ್ಲೇ ಕಳೆಯುವ, ವಿನಾಕಾರಣ ಬೊಗಳದ ಪ್ರಾಣಿ ಅದು. ಚಿಗರಿಯೂ ಬೆಳಿಗ್ಗೆ ಸಂಜೆ ಒಂದೊಂದು ಸುತ್ತು ನಡೆದು ಬಂದರೆ, ಕಾಫಿ ಕಣದ ಅಂಚಿನಲ್ಲಿ ಮಡಚಿಟ್ಟ ಗೋಣಿಚೀಲಗಳ ಮೇಲೆ ಕಾಲು ಚಾಚಿ ಮಲಗಿಬಿಡುತ್ತಾಳೆ. ಕಣ್ಣು ಅರೆ ತೆರೆದಿದ್ದರೂ ಗಾಢ ನಿದ್ದೆಯಲ್ಲಿರುವುದರಿಂದ ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕು. ಇಲ್ಲವಾದರೆ ಬೆಚ್ಚಿ ಗುರ್ ಎನ್ನುವುದುಂಟು, ಅದನ್ನು ಯಾರೂ ಕೆಟ್ಟ ಗುಣವೆಂದು ಭಾವಿಸಬಾರದು.

ಆದರೆ ಈ ಜಾತಿಯ ನಾಯಿಯ ಮೈ ಬೇರೆ ನಾಯಿಗಳ ಮೈಯಂತಲ್ಲ, ಸಾಕುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಕೊಬ್ಬು ಕಡಿಮೆ, ಚರ್ಮ ತೆಳು. ಬೇಲಿಯ ಮುಳ್ಳುತಂತಿ ಸವರಿದರೂ ಚರ್ಮ ಉದ್ದಕ್ಕೆ ಸೀಳಿಕೊಂಡು ಹೊಲಿಗೆ ಹಾಕಿಸಬೇಕಾಗುತ್ತದೆ. ಹೊಲಿಗೆಗೆ ಕೊಡುವ ಅರಿವಳಿಕೆಯಲ್ಲೂ ಎಚ್ಚರ ಬೇಕು. ಥಯೋಪೆಂಟಾಲ್‌ನಂಥ ಔಷಧಿಯನ್ನು ಗ್ರೇಹೌಂಡ್‌ನ ಯಕೃತ್ತು ಬಹಳ ನಿಧಾನವಾಗಿ ಕರಗಿಸುವುದರಿಂದ ನಾಯಿ ಬಹಳ ಹೊತ್ತು ಎಚ್ಚರಗೊಳ್ಳದೆ ಅಪಾಯಕ್ಕೆ ಸಿಲುಕಬಹುದು. ಮುಧೋಳಕ್ಕೂ ಅದೇ ಎಚ್ಚರಿಕೆ ವಹಿಸುವುದು ಕ್ಷೇಮವೆಂದು ನಾನು ವೈದ್ಯರಿಗೆ ಮೊದಲೇ ಹೇಳಿಬಿಡುತ್ತೇನೆ.

ರಕ್ತಪರೀಕ್ಷೆಯ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಗ್ರೇಹೌಂಡ್‌ನ ರಕ್ತದಲ್ಲಿ ಕೆಂಪುಕಣಗಳ ಪಾಲು ಶೇ 50ರಿಂದ 65ರವರೆಗೂ ಇರುತ್ತದೆ. ಬೇರೆ ನಾಯಿಗೆ ಸಹಜವೆನಿಸುವ ಶೇ 40 ಇದಕ್ಕೆ ರಕ್ತಹೀನತೆಯ ಸೂಚನೆಯಾಗಬಹುದು. ಪ್ಲೇಟ್‌ಲೆಟ್ ಮಾತ್ರ ಆರೋಗ್ಯವಾಗಿದ್ದಾಗಲೂ ಇತರ ನಾಯಿಗಳಿಗಿಂತ ಕಡಿಮೆ, ಥೈರಾಯ್ಡ್ ಅಂಶವೂ ಕಡಿಮೆ. ನಮ್ಮ ಮಲೆನಾಡಿನಲ್ಲಿ ಉಣುಗಿನ ಕಾಟ ತಪ್ಪಿದ್ದಲ್ಲ, ಉಣುಗು ಜ್ವರ ಬಂದರೆ ಪ್ಲೇಟ್‌ಲೆಟ್ ಇಳಿಯುವುದೂ ಹೌದು. ಹಾಗಿರುವಾಗ ಇಳಿದದ್ದು ಜ್ವರದಿಂದಲೋ ಅಥವಾ ಅದು ನಾಯಿಯ ಸಹಜ ಮಟ್ಟವೋ ಎಂಬುದು, ನಾಯಿ ಚೆನ್ನಾಗಿದ್ದಾಗ ಮಾಡಿಸಿಟ್ಟ ಪರೀಕ್ಷೆಯ ಚೀಟಿ ಕೈಯಲ್ಲಿದ್ದರೆ ಮಾತ್ರ ಸ್ಪಷ್ಟವಾಗುತ್ತದೆ. ಆದ್ದರಿಂದ ಇಂಥ ನಾಯಿಯನ್ನು ಮನೆಗೆ ತಂದ ಮೊದಲ ತಿಂಗಳಲ್ಲೇ ರಕ್ತಪರೀಕ್ಷೆ ಮಾಡಿಸಿ, ಆ ಚೀಟಿಯನ್ನು ಜೋಪಾನವಾಗಿಡಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವುದರಿಂದ ನಮ್ಮ ಕಡೆಯವರು ತೀರಾ ದೂರ ಹೋಗಬೇಕಾಗಿಲ್ಲ.

ಉಳಿದದ್ದು ಕಷ್ಟದ ಕೆಲಸವಲ್ಲ. ತಲೆಗಿಂತ ಕತ್ತು ದಪ್ಪವಿರುವುದರಿಂದ ಸಾಧಾರಣ ಪಟ್ಟಿ ಜಾರಿಹೋಗುತ್ತದೆ; ಎಳೆದಾಗ ಮಿತವಾಗಿ ಬಿಗಿಯುವ ಮಾರ್ಟಿಂಗೇಲ್ ಕಾಲರ್ ಹಾಕಬೇಕು. ಮಳೆಗಾಲದಲ್ಲೂ ಡಿಸೆಂಬರ್ ಚಳಿಯಲ್ಲೂ ಮೈಗೊಂದು ಹೊದಿಕೆ, ಸಿಮೆಂಟ್ ನೆಲದ ಮೇಲೆ ಮೆತ್ತನೆಯ ಹಾಸಿಗೆ ಇರಬೇಕು. ತೋಟದಲ್ಲಿ ಹಗ್ಗ ಬಿಚ್ಚಿ ಬಿಡುವುದಂತೂ ಬೇಡವೇ ಬೇಡ: ಮೊಲವೋ ಕಾಡುಕೋಳಿಯೋ ಕಣ್ಣಿಗೆ ಬಿದ್ದರೆ ಇದಕ್ಕೆ ನಮ್ಮ ಕೂಗು ಕೇಳಿಸುವುದಿಲ್ಲ.

ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಭಾರತೀಯ ಅಂಚೆ ಇಲಾಖೆ 2005ರಲ್ಲಿ ಹೊರತಂದಿತು. ಆಮೇಲೆ ಸೇನೆಯೂ ಈ ತಳಿಯನ್ನು ಪಳಗಿಸಲು ತೆಗೆದುಕೊಂಡಿತು. ಆ ಹೆಮ್ಮೆಯಿಂದಲೇ ಎಷ್ಟೋ ಮಂದಿ ಮರಿ ಕೊಳ್ಳುತ್ತಾರೆ, ಆದರೆ ಅದೇ ಮರಿ ಬೆಳೆದು ನಿಧಾನವಾದಾಗ ಕಟ್ಟಿಹಾಕಿ ಮರೆತುಬಿಡುವುದನ್ನೂ, ಬೇರೆ ಊರಿನ ದಾರಿಯಲ್ಲಿ ಬಿಟ್ಟುಬರುವುದನ್ನೂ ನಮ್ಮ ಸುತ್ತಮುತ್ತ ಕಂಡು ನನಗೆ ಸಂಕಟವಾಗುತ್ತದೆ. ಸಾಕಲಾಗದಿದ್ದರೆ ದಯವಿಟ್ಟು ಬಾಯಿಬಿಟ್ಟು ಹೇಳಿ. ಅದರ ವಯಸ್ಸು, ಹಾಕಿಸಿದ ಚುಚ್ಚುಮದ್ದು, ಹಿಂದೆ ಬಂದ ಕಾಯಿಲೆ, ಮಕ್ಕಳೊಡನೆ ಮತ್ತು ಕೋಳಿಗಳೊಡನೆ ಅದು ನಡೆದುಕೊಳ್ಳುವ ರೀತಿ, ಇಷ್ಟನ್ನು ಮುಚ್ಚಿಡದೆ ಈ ಬರಹದ ಕೆಳಗೇ ಬರೆಯಿರಿ. ಕರೆದೊಯ್ಯಲು ಮನಸ್ಸಿರುವವರೂ ತಮ್ಮ ಊರು ಮತ್ತು ಮನೆಗೆ ಕಾಂಪೌಂಡ್ ಇದೆಯೇ ಎಂಬುದನ್ನು ತಿಳಿಸಿದರೆ, ಇಬ್ಬರಿಗೂ ಹೊಂದಿಕೆಯಾಗುವಂತೆ ಮಾತನಾಡಿಸುವ ಜವಾಬ್ದಾರಿ ನನ್ನದು.