ವಾಟ್ಸನ್ ಹೋಟೆಲನ್ನು ಕೆಡವಬೇಡಿ

ಮುಂಬೈಯ ಕಾಲಾ ಘೋಡಾಕ್ಕೆ ಹೋದವರು ಜಹಾಂಗೀರ್ ಆರ್ಟ್ ಗ್ಯಾಲರಿ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲೇ ಹತ್ತಿರ ಪಾಳುಬಿದ್ದಿರುವ ಎಸ್ಪ್ಲನೇಡ್ ಮ್ಯಾನ್ಷನ್ ಕಡೆ ಯಾರೂ ನೋಡುವುದಿಲ್ಲ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಅದೇ ಹಳೆಯ ವಾಟ್ಸನ್ ಹೋಟೆಲ್.

ಕಟ್ಟಿಸಿದ್ದು ಜಾನ್ ವಾಟ್ಸನ್ ಎಂಬ ಬಟ್ಟೆ ವ್ಯಾಪಾರಿ. ನಕ್ಷೆ ರೋಲಂಡ್ ಮೇಸನ್ ಆರ್ಡಿಶ್ ಅವರದು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ಚಾವಣಿಯಲ್ಲೂ ಕೈಯಾಡಿಸಿದ್ದ ಎಂಜಿನಿಯರ್. ಕಬ್ಬಿಣದ ಭಾಗಗಳನ್ನು ಇಂಗ್ಲೆಂಡಿನಲ್ಲೇ ತಯಾರಿಸಿ, ಹಡಗಿನಲ್ಲಿ ತಂದು, 1867ರಿಂದ 1869ರ ನಡುವೆ ಇಲ್ಲಿ ಜೋಡಿಸಿದರು. ಭಾರ ಹೊರುವುದು ಎರಕದ ಕಬ್ಬಿಣದ ಕಂಬಗಳು. ನಡುವಿನ ಇಟ್ಟಿಗೆ ಗೋಡೆ ಬರೀ ಮರೆಗೆ. ಇವತ್ತಿನ ಗಗನಚುಂಬಿಗಳ ಲೆಕ್ಕಾಚಾರವೂ ಇದೇ ಅಲ್ವಾ? ಆ ಕಾಲದಲ್ಲೇ ಅದು ನಮ್ಮ ನೆಲದ ಮೇಲೆ ಐದು ಅಂತಸ್ತು ಎದ್ದು ನಿಂತಿತ್ತು.

ಉದ್ಯಮಿ ಜಮ್ಷೆಡ್‌ಜಿ ಟಾಟಾ ಅವರನ್ನು ಭಾರತೀಯರೆಂದು ಒಳಗೆ ಬಿಡಲಿಲ್ಲ, ಅದಕ್ಕೇ ಅವರು ತಾಜ್ ಹೋಟೆಲ್ ಕಟ್ಟಿಸಿದರು ಅನ್ನುವ ಕತೆ ಎಲ್ಲರ ಬಾಯಲ್ಲೂ ಇದೆ. ಗಟ್ಟಿ ದಾಖಲೆ ಇಲ್ಲದ ಮಾತು ಅದು. ದಾಖಲೆ ಇರುವುದೇ ಸಾಕಷ್ಟಿದೆ. 1896ರ ಜುಲೈ 7ರಂದು ಸಿನಿಮಾದ ಆದ್ಯರಾದ ಫ್ರಾನ್ಸಿನ ಲೂಮಿಯೇರ್ ಸಹೋದರರ ಚಲನಚಿತ್ರಗಳನ್ನು ಇಲ್ಲೇ ತೋರಿಸಿದರು. ಟಿಕೆಟ್ ಒಂದು ರೂಪಾಯಿ. ನಮ್ಮ ದೇಶದ ಸಿನಿಮಾ ಚರಿತ್ರೆ ಶುರುವಾಗುವುದೇ ಈ ಕಟ್ಟಡದಿಂದ.

ಹೋಟೆಲ್ ಮುಚ್ಚಿದ ಮೇಲೆ ಕೋಣೆಗಳನ್ನು ತುಂಡು ಮಾಡಿ ಬಾಡಿಗೆಗೆ ಕೊಟ್ಟರು. ಕೋರ್ಟು ಪಕ್ಕದಲ್ಲೇ ಇರುವುದರಿಂದ ವಕೀಲರ ಆಫೀಸುಗಳು ಜಾಸ್ತಿ ಇದ್ದವು. ಗಾಳಿಯಾಡಲೆಂದು ಬಿಟ್ಟಿದ್ದ ಉದ್ದನೆಯ ಬಾಲ್ಕನಿಗಳಿಗೂ ಅಡ್ಡಗೋಡೆ ಬಂತು. ಮುಂಬೈಯ ಬಾಡಿಗೆ ಕಾನೂನಿನಲ್ಲಿ ಹಳೇ ಬಾಡಿಗೆ ಹೆಚ್ಚೇನೂ ಏರುವಂತಿಲ್ಲ. ಆ ಪುಡಿಗಾಸಿನಲ್ಲಿ ರಿಪೇರಿ ಎಲ್ಲಿಂದ ಆಗಬೇಕು? ಮಳೆನೀರು ಇಳಿಯಿತು, ಸಮುದ್ರದ ಉಪ್ಪುಗಾಳಿ ಹೊಡೆಯಿತು, ತುಕ್ಕು ಹಿಡಿಯಿತು. 2005ರಲ್ಲಿ ಬಾಲ್ಕನಿಯ ಒಂದು ಭಾಗ ಕುಸಿದು ಜೀವವೇ ಹೋಯಿತು.

2019ರಲ್ಲಿ ಅಲ್ಲಿದ್ದವರನ್ನು ಖಾಲಿ ಮಾಡಿಸಿದರು. ಕೆಡವುವುದೇ ಸರಿ ಎಂದು ಐಐಟಿ ಬಾಂಬೆಯ ವರದಿ ಹೇಳಿತು. ಉಳಿಸಬಹುದು ಅನ್ನುತ್ತಾರೆ ಪಾರಂಪರಿಕ ಕಟ್ಟಡಗಳ ತಜ್ಞರು. ನಾನು ಇವರ ಕಡೆ. ಭಯ ಸುಳ್ಳಲ್ಲ, ಎರಕದ ಕಬ್ಬಿಣ ಭಾರ ತಡೆಯುತ್ತದೆ, ಎಳೆತ ಬಿದ್ದರೆ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಆದರೆ ಬಿಡಿಭಾಗ ಜೋಡಿಸಿ ಕಟ್ಟಿದ್ದನ್ನು ಒಂದೊಂದೇ ಭಾಗವಾಗಿ ಬಿಚ್ಚಿ ಪರೀಕ್ಷೆ ಮಾಡಬಹುದು, ಕೆಟ್ಟದ್ದನ್ನು ಬದಲಾಯಿಸಬಹುದು. ಖರ್ಚು ದೊಡ್ಡದು, ಸರ್ಕಾರವೇ ಕೈ ಹಾಕಬೇಕು. ಮೊದಲು ಅಡ್ಡಗೋಡೆ ತೆಗೆಸಿ ಭಾರ ಇಳಿಸಿ, ಮಾಡಿನ ಸೋರಿಕೆ ನಿಲ್ಲಿಸಿ. ಕೆಡವುವ ಮಾತು ಆಮೇಲೆ ಆಡೋಣ.