‘ಅಯ್ಯೋ, ಸತ್ತೆ!’ ಅನ್ನುವಾಗ ಸತ್ತಿದ್ದು ಯಾರು?

ಗೇಮ್ ಆಡುತ್ತಿರುವವರ ಪಕ್ಕ ಕೂತು ಅವರ ಮಾತು ಕೇಳಿಸಿಕೊಂಡಿದ್ದೀರಾ? ಹೊಂಡಕ್ಕೆ ಬಿದ್ದ ತಕ್ಷಣ ‘ಅಯ್ಯೋ, ಸತ್ತೆ!’ ಅನ್ನುತ್ತಾರೆ. ‘ಮಾರಿಯೋ ಸತ್ತ’ ಅಂತ ಯಾರೂ ಹೇಳುವುದಿಲ್ಲ. ಬಿದ್ದಿದ್ದು ಪರದೆ ಮೇಲಿನ ಪುಟ್ಟ ಮನುಷ್ಯ, ಸತ್ತಿದ್ದು ಮಾತ್ರ ನಾನು. ಸಿನಿಮಾ ನೋಡುವಾಗ ನಾವು ಹೀಗೆ ಮಾತಾಡುವುದಿಲ್ಲ, ಅಲ್ವಾ?

ನಾವು ಇಷ್ಟು ಸಲೀಸಾಗಿ ಆಟದ ಒಳಗೆ ಹೋಗಿ ಕೂತಿರುತ್ತೇವೆ. ಹಾಗಿದ್ದಾಗ ಆಟ ನಮ್ಮ ಕಡೆ ತಿರುಗಿ ಹೇಗೆ ಮಾತಾಡಿಸುತ್ತದೆ ಅನ್ನುವುದು ನನಗೆ ಬಹಳ ದೊಡ್ಡ ವಿಷಯ.

ಮಾತಾಡಿಸುವುದು ಹೊಸದೇನಲ್ಲ. 1976ರಲ್ಲಿ ವಿಲ್ ಕ್ರೌದರ್ ಬರೆದ ಗುಹೆಯ ಆಟ, ‘ಕೊಲಾಸಲ್ ಕೇವ್ ಅಡ್ವೆಂಚರ್’, ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ರಸ್ತೆಯ ಕೊನೆಯಲ್ಲಿ, ಒಂದು ಸಣ್ಣ ಇಟ್ಟಿಗೆ ಕಟ್ಟಡದ ಮುಂದೆ ನಿಂತಿದ್ದೀಯ ಅಂತ ಶುರುವಾಗುತ್ತದೆ. ಇಂಗ್ಲಿಷ್‌ನಲ್ಲಿ ‘ಯೂ’ ಅಂದರೆ ಮುಗಿಯಿತು. ಕನ್ನಡದಲ್ಲಿ ಬರೆದಿದ್ದರೆ ಮೊದಲನೇ ಸಾಲಿನಲ್ಲೇ ನೀನು ಅನ್ನಬೇಕೋ ನೀವು ಅನ್ನಬೇಕೋ ತೀರ್ಮಾನ ಮಾಡಬೇಕಿತ್ತು. ನನ್ನ ಮತ ನೀನು ಅನ್ನುವುದಕ್ಕೆ. ಕತ್ತಲ ಗುಹೆಯಲ್ಲಿ ಇರುವುದು ನಾವಿಬ್ಬರೇ, ಬಹುವಚನ ಯಾಕೆ?

ಬರೀ ಚಮತ್ಕಾರಕ್ಕೆ ಮಾತಾಡಿಸುವ ಆಟಗಳೂ ಇವೆ. 1998ರ ‘ಮೆಟಲ್ ಗಿಯರ್ ಸಾಲಿಡ್’ನಲ್ಲಿ ಸೈಕೋ ಮ್ಯಾಂಟಿಸ್ ಅನ್ನುವ, ಮನಸ್ಸು ಓದುವ ಖಳ ನಿಮ್ಮ ಆಟಗಳು ಉಳಿದಿರುವ ಮೆಮೊರಿ ಕಾರ್ಡ್ ಒಳಗೆ ಇಣುಕಿ, ಅದೇ ಕಂಪನಿಯ ಬೇರೆ ಯಾವ ಆಟ ಆಡಿದ್ದೀರಿ ಅಂತ ಹೇಳಿಬಿಡುತ್ತಾನೆ. ಕಂಟ್ರೋಲರ್ ನೆಲದ ಮೇಲಿಡು ಅನ್ನುತ್ತಾನೆ, ಇಟ್ಟರೆ ಅದು ಗಡಗಡ ನಡುಗುತ್ತಾ ಸರಿಯುತ್ತದೆ. ಅವನು ನಿಮ್ಮ ಮನಸ್ಸು ಓದದಂತೆ ಮಾಡಬೇಕೆಂದರೆ ಕಂಟ್ರೋಲರನ್ನು ಕಿತ್ತು ಎರಡನೇ ಪೋರ್ಟ್‌ಗೆ ಚುಚ್ಚಬೇಕು! ಎಂಥಾ ತಲೆ ಅದು. ಆದರೂ ಜಾದೂ ನೋಡಿದ ಖುಷಿಯಷ್ಟೇ ಅದು, ಚಪ್ಪಾಳೆ ತಟ್ಟಿ ಮುಂದೆ ಹೋಗುತ್ತೇವೆ.

ನನ್ನನ್ನು ಅಲ್ಲಾಡಿಸಿದ್ದು ಟೋಬಿ ಫಾಕ್ಸ್ ಮಾಡಿದ ‘ಅಂಡರ್‌ಟೇಲ್’, 2015ರದ್ದು. ಶುರುವಿನಲ್ಲೇ ಟೋರಿಯಲ್ ಸಿಗುತ್ತಾಳೆ. ಅಮ್ಮನ ಹಾಗೆ ಕೈ ಹಿಡಿದು ಕರೆದುಕೊಂಡು ಹೋಗುತ್ತಾಳೆ, ತಿನ್ನಲು ಮಾಡಿಕೊಡುತ್ತಾಳೆ, ಹೊರಗೆ ಅಪಾಯ ಇದೆ, ಹೋಗಬೇಡ ಅಂತ ದಾರಿಗೆ ಅಡ್ಡ ನಿಲ್ಲುತ್ತಾಳೆ. ಹೊಡೆಯದೆ, ಬಿಟ್ಟುಬಿಡುತ್ತೇನೆ ಅಂತ ಮತ್ತೆ ಮತ್ತೆ ಒತ್ತುತ್ತಾ ಇದ್ದರೆ ಕೊನೆಗೆ ಅವಳೇ ದಾರಿ ಬಿಡುತ್ತಾಳೆ. ನನಗೆ ಅದು ಹೊಳೆಯಲಿಲ್ಲ. ಕೊಂದೆ. ಹೊಟ್ಟೆಯಲ್ಲಿ ಸಂಕಟ ಆಯಿತು. ಆಟ ಮುಚ್ಚಿ, ಹಳೇ ಸೇವ್, ಅಂದರೆ ಮೊದಲೇ ಉಳಿಸಿಟ್ಟಿದ್ದ ಹಂತ, ತೆಗೆದು, ಈ ಸಲ ತಾಳ್ಮೆಯಿಂದ ಅವಳನ್ನು ಉಳಿಸಿದೆ. ಸರಿಹೋಯಿತು ಅಂದುಕೊಂಡು ಬಾಗಿಲು ದಾಟಿದರೆ ಫ್ಲವಿ ಅನ್ನುವ ಹೂವು ಕಾದು ನಿಂತಿದೆ. ನೀನೇನು ಮಾಡಿದೆ ಅಂತ ಗೊತ್ತು ಅನ್ನುತ್ತದೆ. ಅವಳನ್ನು ಕೊಂದೆ, ಆಮೇಲೆ ಬೇಜಾರಾಗಿ ಹಿಂದೆ ಹೋದೆ ಅನ್ನುತ್ತದೆ.

ಕೈ ತಣ್ಣಗಾಯಿತು. ಸೇವ್ ಫೈಲ್ ಅಂದರೆ ನನ್ನ ಖಾಸಗಿ ವಿಷಯ ಅಂತ ಅಷ್ಟು ವರ್ಷ ನಂಬಿದ್ದೆ, ಕಥೆಯೊಳಗಿನವರಿಗೆ ಅದು ಗೊತ್ತೇ ಆಗುವುದಿಲ್ಲ ಅಂತ. ಇಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ನಾನು ಮಾಡಿದ್ದನ್ನು ಒಬ್ಬರು ನೋಡಿದ್ದರು, ನೆನಪಿಟ್ಟಿದ್ದರು.

ಅದಕ್ಕೇ ಫೋನಿನ ಆಟಗಳು ಎರಡು ದಿನ ಬಿಟ್ಟರೆ ಸಾಕು, ಹೆಸರು ಹಿಡಿದು ‘ನಿಮ್ಮನ್ನು ತುಂಬಾ ಮಿಸ್ ಮಾಡಿಕೊಂಡೆವು’ ಅಂತ ನೋಟಿಫಿಕೇಶನ್ ಕಳಿಸುತ್ತವಲ್ಲ, ಏಳು ದಿನ ಸತತವಾಗಿ ಬಂದರೆ ಬಹುಮಾನ ಅನ್ನುತ್ತವಲ್ಲ, ಅದನ್ನು ನಾನು ಮಾತಾಡಿಸುವುದು ಅಂತ ಒಪ್ಪುವುದಿಲ್ಲ. ಅದು ತಲೆ ಎಣಿಸುವುದು. ‘ಸ್ಪೆಕ್ ಆಪ್ಸ್: ದಿ ಲೈನ್’ (2012) ಅನ್ನುವ ಯುದ್ಧದ ಆಟದ ಬಗ್ಗೆಯೂ ನನಗೆ ತಕರಾರಿದೆ. ಜನರ ಮೇಲೆ ಮೈ ಸುಡುವ ಬಿಳಿ ರಂಜಕ ಸುರಿಯದೆ ಮುಂದೆ ಹೋಗಲು ದಾರಿಯೇ ಕೊಡದೆ, ಆಮೇಲೆ ಲೋಡಿಂಗ್ ಪರದೆಯಲ್ಲಿ ಈಗ ಹೀರೋ ಅನ್ನಿಸ್ತಿದೆಯಾ ಅಂತ ಕೇಳುವುದು ನ್ಯಾಯ ಅಲ್ಲ. ಬೇರೆ ದಾರಿ ಇದ್ದೂ ನಾನು ಕೆಟ್ಟದ್ದು ಮಾಡಿದರೆ ಕೇಳು, ತಲೆ ತಗ್ಗಿಸುತ್ತೇನೆ.

ಆಟ ಹೀಗೆ ನಮ್ಮ ಕಡೆ ತಿರುಗಿದರೆ ಕಥೆಯಿಂದ ಹೊರಗೆ ತಳ್ಳಿದ ಹಾಗಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ನನಗೆ ಉಲ್ಟಾ. ‘ಸತ್ತೆ’ ಅಂದ ಗಳಿಗೆಯಲ್ಲೇ ನಾನು ಒಳಗಿದ್ದೆ. ಅಲ್ಲಿ ನಾನಿದ್ದೇನೆ ಅಂತ ಆಟ ಒಪ್ಪಿಕೊಂಡಿತು, ಅಷ್ಟೇ.

‘ಒನ್‌ಶಾಟ್’ ಆಡದವರು ಇಲ್ಲಿಗೆ ಓದು ನಿಲ್ಲಿಸಿ, ಕೊನೆ ಹೇಳುತ್ತಿದ್ದೇನೆ. ಅದರಲ್ಲಿ ನಿಕೋ ಅನ್ನುವ ಮಗು, ಕೈಯಲ್ಲಿ ಸೂರ್ಯ, ಅಂದರೆ ಒಂದು ದೊಡ್ಡ ಬಲ್ಬು. ನಾವು ಆ ಮಗುವಲ್ಲ, ಮಗುವಿನ ಜೊತೆ ಮಾತಾಡುವ ಬೇರೆ ಯಾರೋ. ಕಂಪ್ಯೂಟರ್‌ನಲ್ಲಿರುವ ನಮ್ಮ ಹೆಸರು ಹಿಡಿದೇ ಕರೆಯುತ್ತದೆ. ಸೂರ್ಯನನ್ನು ಗೋಪುರದ ಮೇಲಿಟ್ಟರೆ ಆ ಲೋಕ ಉಳಿಯುತ್ತದೆ, ನಿಕೋ ಮನೆಗೆ ಹೋಗುವಂತಿಲ್ಲ. ಒಡೆದರೆ ನಿಕೋ ಮನೆಗೆ, ಲೋಕ ಕತ್ತಲಿಗೆ. ಏನು ಮಾಡಲಿ ಅಂತ ಅದು ನಮ್ಮನ್ನೇ ಕೇಳುತ್ತದೆ. ಕನ್ನಡದಲ್ಲಿ ಕೇಳಿದ್ದರೆ ನಿಕೋ ನನಗೆ ನೀನು ಅನ್ನುತ್ತಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಅವತ್ತು ಕೀಬೋರ್ಡ್ ಮೇಲೆ ಕೈ ಇಟ್ಟುಕೊಂಡು ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ. ಆ ಮಗುವೂ ಅಲ್ಲೇ, ಉತ್ತರಕ್ಕೆ ಕಾಯುತ್ತಾ ನಿಂತಿತ್ತು.