ಬಿ.ಕಾಂ. ಆಯಿತು, ಮಂಡಿಯ ಲೆಕ್ಕಕ್ಕೆ ಕೂರಬೇಕೇ?

ಪರ

ಶಿರಸಿಯಲ್ಲಿ ಬಿ.ಕಾಂ. ಮುಗಿಸಿದವನಿಗೆ ಮೊದಲು ಬರುವ ಕರೆ ಅಡಿಕೆ ಮಂಡಿಯದು. ಅವನು ಮೊದಲು ಬೇಡವೆನ್ನುವುದೂ ಅದಕ್ಕೇ. ‘ಇಷ್ಟು ಓದಿ ಚೀಲ ಎಣಿಸುವುದೇ?’ ನಾನೂ ಹಾಗೆಂದವನೇ. ಅಪ್ಪ ಕೇಳಲಿಲ್ಲ, ಕೂರಿಸಿದರು.

ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು: ಒಂದೇ ತೋಟದ ಅಡಿಕೆಗೆ ಐದು ಹೆಸರು, ಐದು ದರ. ಟೆಂಡರ್ ಮುಗಿದ ಮೇಲೆ ಆಯಾ ದರಕ್ಕೆ ತೂಕ ಗುಣಿಸಬೇಕು, ಮಳೆಗಾಲದಲ್ಲಿ ರೈತ ಎತ್ತಿದ್ದ ಮುಂಗಡವನ್ನು ಬಡ್ಡಿಸಹಿತ ಮುರಿದುಕೊಳ್ಳಬೇಕು, ವ್ಯಾಪಾರಿಯ ಬಿಲ್ಲಿಗೆ ಶೇಕಡಾ 5 ಜಿಎಸ್‌ಟಿ ಸೇರಿಸಬೇಕು. ಹತ್ತು ರೂಪಾಯಿ ತಪ್ಪಿದರೂ ಹಿಡಿಯುವ ಹಿರಿಯರು ಕವಳ ಹಾಕಿಕೊಂಡು ಎದುರಿಗೇ ಕುಳಿತಿರುತ್ತಾರೆ. ಕಾಲೇಜಿನಲ್ಲಿ ಮೂರು ವರ್ಷ ಬರೆದ ಜಮಾ-ಖರ್ಚು ನನಗೆ ಅರ್ಥವಾದದ್ದು ಅವರ ಮುಂದೆ. 1923ರಲ್ಲೇ ತೋಟಗಾರರು ಸೇರಿ ಸಹಕಾರಿ ಮಾರಾಟ ಸಂಘ ಕಟ್ಟಿದ ಊರು ಇದು. ಇಲ್ಲಿ ಲೆಕ್ಕ ಬರೆಯುವುದು ಕೀಳಾದದ್ದು ಯಾವಾಗ? ಯುವನಿಧಿಯ 3,000 ರೂಪಾಯಿಗೆ ಕಾಯುತ್ತ ಜಗುಲಿಯ ಮೇಲೆ ಮೊಬೈಲ್ ತಿಕ್ಕುವುದು ಮೇಲೆ?

ವಿರೋಧ

ಕಲಿತದ್ದನ್ನು ಒಪ್ಪೋಣ. ಹುಬ್ಬಳ್ಳಿಯ ಸಂದರ್ಶನದಲ್ಲಿ ಅದನ್ನು ತೋರಿಸುವುದು ಹೇಗೆ?

ನಾನು ಕುಮಟಾದ ಒಂದು ಅಂಗಡಿಯಲ್ಲಿ ಒಂದೂವರೆ ವರ್ಷ ಲೆಕ್ಕ ಬರೆದೆ. ನೇಮಕಾತಿ ಪತ್ರವಿಲ್ಲ, ಸಂಬಳ ಲಕೋಟೆಯಲ್ಲಿ. ಭವಿಷ್ಯ ನಿಧಿ ಸಾಮಾನ್ಯವಾಗಿ ಕಡ್ಡಾಯವಾಗುವುದು 20 ಮಂದಿ ದುಡಿಯುವಲ್ಲಿ; ನಾವಿದ್ದದ್ದು ನಾಲ್ವರು. ಬಿಡುವ ದಿನ ಅನುಭವ ಪತ್ರ ಕೇಳಿದಾಗ ಮಾಲೀಕರು ನಕ್ಕರು: ‘ನೀನು ಇಡೀ ಕುಮಟಾಕ್ಕೆ ಗೊತ್ತಲ್ಲ ತಂಗಿ!’ ಕುಮಟಾದ ಆಚೆ ಗೊತ್ತಿಲ್ಲ ಎಂಬುದೇ ನನ್ನ ತೊಂದರೆಯಾಗಿತ್ತು.

ರಾತ್ರಿ ಎಂಟಕ್ಕೆ ಶಟರ್ ಎಳೆದು ಬಸ್ ಹಿಡಿದವಳು ಬ್ಯಾಂಕ್ ಪರೀಕ್ಷೆಗೆ ಓದುವುದು ಯಾವಾಗ? ಯುವನಿಧಿಯನ್ನು ಗೇಲಿ ಮಾಡುವುದು ಸುಲಭ. ಅದು ಬರುವುದೇ ಪದವಿಯಾಗಿ 180 ದಿನ ಕೆಲಸ ಸಿಗದಿದ್ದರೆ, ಅದೂ ಹೆಚ್ಚೆಂದರೆ ಎರಡು ವರ್ಷ. ಬಸ್ಸಿಗೆ ಶಕ್ತಿ ಯೋಜನೆಯಿದೆ. ಅರ್ಜಿ ಶುಲ್ಕಕ್ಕೂ ಪುಸ್ತಕಕ್ಕೂ ಅಪ್ಪನ ಮುಂದೆ ಕೈ ಒಡ್ಡದಿರಲು ಆ ಹಣ ಸಾಕಾಗುತ್ತದೆ. (ಜಗುಲಿಯಲ್ಲಿ ಕೂರಲು ನಮಗೆಲ್ಲಿ ಬಿಡುವು? ಓದುತ್ತ ಕುಳಿತ ಹುಡುಗಿಗೇ ಮನೆಯಲ್ಲಿ ಹೆಚ್ಚು ಕೆಲಸ.) ಕೈಗಾ ಅಣುವಿದ್ಯುತ್ ಕೇಂದ್ರದಂಥ ಕಡೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ಕರೆಯುವುದುಂಟು. ಅಲ್ಲಿ ಶಿಷ್ಯವೇತನ ಚಿಕ್ಕದು, ಆದರೆ ಕೊನೆಗೆ ಕೈಯಲ್ಲೊಂದು ಪ್ರಮಾಣಪತ್ರ ಇರುತ್ತದೆ.

ಮಂಡಿಯವರೂ ಮೊದಲ ದಿನವೇ ಹುದ್ದೆ, ಸಂಬಳ, ಸೇರಿದ ತಾರೀಖು ಬರೆದು ಸಹಿ ಹಾಕಿಕೊಡಲಿ. ಸೋಮವಾರದಿಂದಲೇ ಬರುತ್ತೇನೆ.